ಮೂಗಿನ ಹತ್ತಿರದ ಗಾಳಿ: ಕ್ವಾರಿ ಧೂಳಿಗೆ ನಿಯಮ ಇದೆ, ಅಳತೆ ಇಲ್ಲ

ಕಲ್ಲು ಕ್ವಾರಿಯಲ್ಲಿ ಜಾಕ್‌ಹ್ಯಾಮರ್ ಹಿಡಿದು ಕುಳಿ ಹೊಡೆಯುವವರನ್ನು ಹತ್ತಿರದಿಂದ ನೋಡಿದ್ದೀರಾ? ಕಂಪ್ರೆಸರ್ ಶುರುವಾಗಿ ಸ್ವಲ್ಪ ಹೊತ್ತಿಗೇ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿರುತ್ತವೆ. ಮುಖಕ್ಕೆ ಒಂದು ಟವೆಲ್ ಸುತ್ತಿಕೊಂಡಿರುತ್ತಾರೆ, ಅಷ್ಟೇ. ಊಟಕ್ಕೆ ಕೂರುವ ಮುಂಚೆ ಆ ಟವೆಲ್ ಒದರಿ, ಮುಖ ತೊಳೆದು, ಎರಡು ಸಲ ಕೆಮ್ಮಿ ಉಗಿದರೆ ಧೂಳು ಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಹೋಗಿರುವುದಿಲ್ಲ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಲ್ಲೋ ಗಂಟಲಲ್ಲೋ ಸಿಕ್ಕಿಕೊಂಡು ಕಫದ ಜೊತೆ ಹೊರಗೆ ಬರುತ್ತದೆ. ಜೀವ ತೆಗೆಯುವುದು ಕಾಣದ ಧೂಳು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಶ್ವಾಸಕೋಶದ ತುತ್ತತುದಿಯ ಗಾಳಿಗೂಡಿನ ತನಕ ಇಳಿಯುವ ಕಣ ಹೆಚ್ಚಾಗಿ 4-5 ಮೈಕ್ರಾನ್‌ಗಿಂತ ಸಣ್ಣದು. ಟವೆಲ್‌ನ ನೇಯ್ಗೆಯಲ್ಲಿ ಅದು ಆರಾಮಾಗಿ ನುಸುಳುತ್ತದೆ.

ಗ್ರಾನೈಟ್‌ನಲ್ಲಿ ಬೆಣಚು ಇರುತ್ತದೆ. ಬೆಣಚು ಅಂದರೆ ಸಿಲಿಕಾದ ಹರಳು. ಇದರ ಕಣ ಶ್ವಾಸಕೋಶಕ್ಕೆ ಹೊಕ್ಕರೆ, ಕಸ ತೆಗೆಯುವ ಕೆಲಸದ ಜೀವಕೋಶಗಳು ಅದನ್ನು ನುಂಗುತ್ತವೆ. ಆದರೆ ಅರಗಿಸಿಕೊಳ್ಳಲು ಆಗದೆ ಸಾಯುತ್ತವೆ. ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಜೀವಕೋಶ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ಸುಟ್ಟ ಗಾಯದ ಕಲೆಯಂತೆ ಅಲ್ಲಲ್ಲಿ ಗಂಟು ಕಟ್ಟಿ, ಸ್ಪಂಜಿನಂತಿದ್ದ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಈ ಕಾಯಿಲೆಯ ಹೆಸರು ಸಿಲಿಕೋಸಿಸ್. ಆದ ಗಾಯವನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಕ್ವಾರಿ ಬಿಟ್ಟು ಊರಿಗೆ ಹೋಗಿ ಕೂತರೂ ಅದು ಬೆಳೆಯಬಹುದು. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಕ್ಷಯ ಬಹಳ ಸುಲಭವಾಗಿ ತಗಲುತ್ತದೆ. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರನ್ನೂ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿದೆ.

ಕ್ವಾರಿಯಲ್ಲಿ ಜಿಲೆಟಿನ್ ಸಿಡಿದರೆ ಇಡೀ ರಾಜ್ಯಕ್ಕೆ ಗೊತ್ತಾಗುತ್ತದೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಎಷ್ಟು ದಿನ ಸುದ್ದಿಯಲ್ಲಿದ್ದವು ನೆನಪಿದೆಯಲ್ವಾ? ಮಂತ್ರಿಗಳು ಬಂದರು, ತನಿಖೆ ಆಯಿತು. ಧೂಳಿನ ಸಾವಿಗೆ ಸದ್ದಿಲ್ಲ. ಅದು ಹತ್ತು ಹದಿನೈದು ವರ್ಷ ತಗೊಳ್ಳುತ್ತದೆ. ಅಷ್ಟರಲ್ಲಿ ಆ ಮನುಷ್ಯ ನಾಲ್ಕು ಕ್ವಾರಿ ಬದಲಾಯಿಸಿರುತ್ತಾನೆ. ಸತ್ತಾಗ ಮನೆಯವರು "ಟಿಬಿ ಆಗಿತ್ತು" ಅನ್ನುತ್ತಾರೆ.

ನಮಗೆ ಇದೇನೂ ಹೊಸ ವಿಷಯ ಅಲ್ಲ. ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿ ದಾಖಲೆ ಮಾಡಿದ ಜಾಗಗಳಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯೇ ಮುಖ್ಯವಾದದ್ದು. ಅಲ್ಲಿ ಚಿನ್ನ ಸಿಗುತ್ತಿದ್ದದ್ದೇ ಬೆಣಚಿನ ಪದರದಲ್ಲಿ. ಅಂದರೆ ಚಿನ್ನ ಬೇಕಾದರೆ ಸಿಲಿಕಾವನ್ನೇ ಕೊರೆಯಬೇಕು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ ಇಳಿದಿತ್ತು. ಆ ಸೆಕೆ, ಆ ಇಕ್ಕಟ್ಟಿನಲ್ಲಿ ಕೊರೆದವರ ಶ್ವಾಸಕೋಶ ಏನಾಗಿರಬೇಕು? 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್‌ಗೆ ಅಂತಲೇ ನಿಯಮ ತಂದಿತು. 1947ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ತಪಾಸಣೆಗೆ ಒಳಗಾದ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಮಂದಿಗೆ ಸಿಲಿಕೋಸಿಸ್ ಇತ್ತು.

ಆಮೇಲೆ ಅಲ್ಲೇ, ಕೆಜಿಎಫ್‌ನಲ್ಲೇ, 1990ರಲ್ಲಿ ಗಣಿ ಕಾರ್ಮಿಕರ ಆರೋಗ್ಯಕ್ಕಾಗಿ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಸಂಸ್ಥೆ ನಾಗಪುರಕ್ಕೆ ಹೋಯಿತು. 2019ರಲ್ಲಿ ಅದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ವಿಲೀನ ಮಾಡಿದರು. ಚಿನ್ನದ ಗಣಿ ಮುಚ್ಚಿತು, ನಿಜ. ಆದರೆ ಅದೇ ಹೊತ್ತಿಗೆ ಬೆಂಗಳೂರು ಬೆಳೆಯತೊಡಗಿತ್ತು. ಜಲ್ಲಿ, ಸೈಜುಗಲ್ಲು, ಚಪ್ಪಡಿಗೆ ಬೇಡಿಕೆ ಏರಿತು. ನದಿ ಮರಳಿಗೆ ಕಡಿವಾಣ ಬಿದ್ದ ಮೇಲೆ ಎಂ-ಸ್ಯಾಂಡ್ ಬಂತು. ಎಂ-ಸ್ಯಾಂಡ್ ಅಂದರೆ ಕಲ್ಲನ್ನು ಮರಳಿನಷ್ಟು ಸಣ್ಣಗೆ ಪುಡಿ ಮಾಡುವುದೇ. ಒಂದು ದೊಡ್ಡ ಗಣಿಯ ಒಳಗಿದ್ದ ಧೂಳು ನೂರಾರು ಸಣ್ಣ ಕ್ವಾರಿ, ಕ್ರಷರ್‌ಗಳಿಗೆ ಹರಡಿಕೊಂಡಿತು. ಕೆಜಿಎಫ್‌ನಲ್ಲಿ ಯೂನಿಯನ್ ಇತ್ತು, ಆಸ್ಪತ್ರೆ ಇತ್ತು, ಹೆಸರು ಬರೆದ ಪುಸ್ತಕ ಇತ್ತು. ಜಲ್ಲಿ ಕ್ರಷರ್‌ನಲ್ಲಿ ಇದರಲ್ಲಿ ಯಾವುದಿದೆ?

ಈಗ ನಿಯಮ ಏನು ಹೇಳುತ್ತದೆ ನೋಡೋಣ. ಇಲ್ಲಿ ಸ್ವಲ್ಪ ಲೆಕ್ಕ ಇದೆ. ಬೇಜಾರು ಮಾಡಿಕೊಳ್ಳಬೇಡಿ, ಇಡೀ ವಿಷಯ ಈ ಲೆಕ್ಕದಲ್ಲೇ ಇದೆ.

ಕಲ್ಲಿದ್ದಲು, ತೈಲ ಬಿಟ್ಟು ಉಳಿದ ಗಣಿಗಳಿಗೆ 1961ರ ಲೋಹ ಗಣಿ ನಿಯಮಾವಳಿ ಅನ್ವಯಿಸುತ್ತದೆ. ಹೆಸರಲ್ಲಿ ಲೋಹ ಇದ್ದರೂ ಕಲ್ಲು ಕ್ವಾರಿಯೂ ಅದರಲ್ಲೇ ಬರುತ್ತದೆ. ಅದರ 124ನೇ ನಿಯಮ ಧೂಳಿನದು. ಉಸಿರಿನಲ್ಲಿ ಒಳಕ್ಕೆ ಇಳಿಯುವ ಸಣ್ಣ ಧೂಳಿನಲ್ಲಿ ಸಿಲಿಕಾ ಶೇ. 5ಕ್ಕಿಂತ ಕಡಿಮೆ ಇದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ 3 ಮಿಲಿಗ್ರಾಂ ಧೂಳಿನ ತನಕ ಇರಬಹುದು. ಸಿಲಿಕಾ ಜಾಸ್ತಿ ಇದ್ದರೆ, 15 ಅನ್ನು ಸಿಲಿಕಾದ ಶೇಕಡಾವಾರಿನಿಂದ ಭಾಗಿಸಬೇಕು. ಬಂದ ಉತ್ತರವೇ ಮಿತಿ. ಇದು 8 ಗಂಟೆಯ ಪಾಳಿಯ ಸರಾಸರಿ.

ಒಂದು ಗ್ರಾನೈಟ್ ಕ್ವಾರಿಯ ಧೂಳಿನಲ್ಲಿ ಶೇ. 30 ಸಿಲಿಕಾ ಇದೆ ಅಂತ ಇಟ್ಟುಕೊಳ್ಳಿ. 15 ಭಾಗಿಸು 30, ಅಂದರೆ ಅರ್ಧ ಮಿಲಿಗ್ರಾಂ ಧೂಳು. ಅದರಲ್ಲಿ ಸಿಲಿಕಾ ಎಷ್ಟು? 0.15 ಮಿಲಿಗ್ರಾಂ. ಶೇ. 20 ಅಂತ ಹಾಕಿ ನೋಡಿ, ಶೇ. 60 ಅಂತ ಹಾಕಿ ನೋಡಿ. ಧೂಳಿನ ಮಿತಿ ಬದಲಾಗುತ್ತದೆ, ಆದರೆ ಸಿಲಿಕಾದ ಪಾಲು ಮಾತ್ರ ಯಾವಾಗಲೂ 0.15ಕ್ಕೇ ಬಂದು ನಿಲ್ಲುತ್ತದೆ. ಅಂದರೆ ನಮ್ಮ ನಿಯಮದ ಸೂತ್ರ ಬಿಚ್ಚಿದರೆ ಒಳಗಿರುವ ನಿಜವಾದ ಸಂಖ್ಯೆ ಇದು: ಘನ ಮೀಟರ್‌ಗೆ 0.15 ಮಿಲಿಗ್ರಾಂ ಸಿಲಿಕಾ.

ಯುರೋಪಿನ ಒಕ್ಕೂಟ 2017ರಲ್ಲಿ 0.1 ಎಂದು ಗೆರೆ ಹಾಕಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 0.05 ಇರಬೇಕು ಎಂದು 1974ರಲ್ಲೇ ಶಿಫಾರಸು ಮಾಡಿತ್ತು. ಅಲ್ಲಿನ ಕಾರ್ಖಾನೆ, ಕಟ್ಟಡ ಕೆಲಸಕ್ಕೆ 2016ರಲ್ಲಿ ಆ ಮಿತಿ ಕಾನೂನಾಯಿತು. ಗಣಿಗಳಿಗೆ 2024ರ ಏಪ್ರಿಲ್‌ನಲ್ಲಿ ನಿಯಮ ಹೊರಬಂತು. ಆದರೆ ಉದ್ಯಮದವರು ಕೋರ್ಟಿಗೆ ಹೋದರು, 2025ರ ಏಪ್ರಿಲ್‌ನಲ್ಲಿ ಅದಕ್ಕೆ ತಡೆ ಬಿತ್ತು. ಶಿಫಾರಸು ಬಂದು 50 ವರ್ಷ ಆದಮೇಲೂ ಶ್ರೀಮಂತ ದೇಶದ ಗಣಿ ಕಾರ್ಮಿಕ ಕಾಯುತ್ತಿದ್ದಾನೆ ಅನ್ನುವುದನ್ನು ಮರೆಯಬಾರದು. ಧೂಳಿನ ವಿಷಯದಲ್ಲಿ ತಡ ಮಾಡುವುದು ಎಲ್ಲ ಕಡೆಯೂ ಇದೆ.

ಈ ಸಂಖ್ಯೆಗಳು ಅಷ್ಟು ಸಣ್ಣವಾಗಿ ಕಾಣುತ್ತವೆ, ವ್ಯತ್ಯಾಸವೇ ತಿಳಿಯುವುದಿಲ್ಲ. ಹೀಗೆ ನೋಡಿ. ಮೈಮುರಿದು ದುಡಿಯುವವನು ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. 0.15ರ ಗಾಳಿಯಲ್ಲಿ ದಿನಕ್ಕೆ ಒಂದೂವರೆ ಮಿಲಿಗ್ರಾಂ ಸಿಲಿಕಾ ಮೂಗಿಗೆ ಬರುತ್ತದೆ. 0.05ರ ಗಾಳಿಯಲ್ಲಿ ಅರ್ಧ ಮಿಲಿಗ್ರಾಂ. ವರ್ಷಕ್ಕೆ 300 ದಿನದಂತೆ 15 ವರ್ಷ ಗುಣಿಸಿ. ಎಳೆದದ್ದೆಲ್ಲ ಒಳಗೇ ಉಳಿಯುವುದಿಲ್ಲ ಸರಿ. ಆದರೂ ಒಬ್ಬನ ಎದೆಗೂಡಿಗೆ ಇನ್ನೊಬ್ಬನ ಮೂರು ಪಟ್ಟು ಹೊರೆ ಬರುತ್ತದೆ. ಮತ್ತು ಇದು ನಿಯಮ ಪಾಲಿಸುವ ಕ್ವಾರಿಯ ಲೆಕ್ಕ!

ಕಲ್ಲಿದ್ದಲು ಗಣಿಗಳಿಗೆ 2017ರಲ್ಲಿ ಹೊಸ ನಿಯಮಾವಳಿ ಬಂದಾಗ 3 ಮಿಲಿಗ್ರಾಂ ಇದ್ದ ಮಿತಿಯನ್ನು 2ಕ್ಕೆ ಇಳಿಸಿದರು. ಅಂದರೆ ಇಳಿಸಲು ಆಗುತ್ತದೆ. ಕಲ್ಲಿನವರಿಗೆ ಯಾಕೆ ಇಳಿಸಬಾರದು?

ಆದರೆ ನನ್ನನ್ನು ಕೇಳಿದರೆ, ಮಿತಿಯನ್ನು ಇಳಿಸುವುದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಗಾಳಿಯನ್ನು ಯಾರು, ಎಲ್ಲಿ ನಿಂತು ಅಳೆಯುತ್ತಾರೆ?

ಅಳೆಯುವ ಸಾಧನ ದೊಡ್ಡದೇನಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಸಣ್ಣ ಪಂಪು, ಅಲ್ಲಿಂದ ಅಂಗಿಯ ಕಾಲರ್ ತನಕ ಒಂದು ಟ್ಯೂಬು, ಕಾಲರ್ ಹತ್ತಿರ ದಪ್ಪ ಧೂಳನ್ನು ಬೇರೆ ಮಾಡಿ ಸಣ್ಣ ಧೂಳನ್ನಷ್ಟೇ ಹಿಡಿಯುವ ಒಂದು ಫಿಲ್ಟರ್. ಕಾರ್ಮಿಕ ಇಡೀ ಪಾಳಿ ಅದನ್ನು ಹಾಕಿಕೊಂಡು ಕೆಲಸ ಮಾಡುತ್ತಾನೆ. ಸಂಜೆ ಫಿಲ್ಟರನ್ನು ತೂಗಿ, ಲ್ಯಾಬಿನಲ್ಲಿ ಸಿಲಿಕಾ ಎಷ್ಟಿದೆ ನೋಡುತ್ತಾರೆ. ಕಾಲರ್ ಯಾಕೆ? ಅವನು ಉಸಿರಾಡುವ ಗಾಳಿ ಅಲ್ಲಿರುತ್ತದೆ ಅದಕ್ಕೆ. ಜಾಕ್‌ಹ್ಯಾಮರ್‌ನಿಂದ ಹತ್ತು ಮಾರು ಆಚೆ ಗಾಳಿ ಬೇರೆಯೇ.

ನಿಯಮದ ಪ್ರಕಾರ ಇದನ್ನು ಗಣಿಯವರೇ 6 ತಿಂಗಳಿಗೊಮ್ಮೆ ಮಾಡಿಸಬೇಕು. ಮಿತಿಯ ಅರ್ಧ ದಾಟಿದರೆ 3 ತಿಂಗಳಿಗೊಮ್ಮೆ, ಮುಕ್ಕಾಲು ದಾಟಿದರೆ ತಿಂಗಳಿಗೊಮ್ಮೆ. ಬರೆದವರು ಯೋಚನೆ ಮಾಡಿಯೇ ಬರೆದಿದ್ದಾರೆ. ಧೂಳು ಜಾಸ್ತಿ ಆದಷ್ಟೂ ಕಣ್ಣು ಹತ್ತಿರ ಇರಬೇಕು ಅಂತ. ಆದರೆ ಪಂಪೇ ಇಲ್ಲದ ಕ್ವಾರಿಯಲ್ಲಿ ಅರ್ಧ ದಾಟಿದ್ದು ಯಾರಿಗೆ ಗೊತ್ತಾಗಬೇಕು? ಕಲ್ಲಿನಿಂದ ಕಲ್ಲಿಗೆ ಸಿಲಿಕಾ ಬೇರೆ ಬೇರೆ. ಚಾಮರಾಜನಗರದ ಕಪ್ಪು ಕಲ್ಲಿನಲ್ಲಿ ಬೆಣಚು ಕಡಿಮೆ. ಸಾದಹಳ್ಳಿ ಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್‌ಗಳಲ್ಲಿ ಜಾಸ್ತಿ. ಶಹಾಬಾದಿನದು ಸುಣ್ಣಕಲ್ಲು, ಅದರ ಲೆಕ್ಕವೇ ಬೇರೆ. ಅಳೆಯದೆ ಸುಮ್ನೆ ಅಂದಾಜಿನಲ್ಲಿ ಹೇಳಲು ಆಗುವುದಿಲ್ಲ.

ಇನ್ನು ಯಾವ ಇಲಾಖೆಗೆ ಯಾವುದು ಸೇರಿದ್ದು ಅನ್ನುವ ಗೋಜಲು. ಗಣಿಯಲ್ಲಿ ಕೆಲಸ ಮಾಡುವವರ ಸುರಕ್ಷತೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಅದರ ಮುಖ್ಯ ಕಚೇರಿ ಧನಬಾದಿನಲ್ಲಿದೆ. ಕ್ವಾರಿಗೆ ಲೈಸೆನ್ಸ್ ಕೊಡುವುದು, ರಾಜಧನ ವಸೂಲು ಮಾಡುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕ್ರಷರ್ ಬೇರೆ ಜಾಗದಲ್ಲಿದ್ದರೆ ಅದು ಫ್ಯಾಕ್ಟರಿ, ಅದನ್ನು ನೋಡುವುದು ಕಾರ್ಖಾನೆ ಇಲಾಖೆ. ಹೊರಗಿನ ಗಾಳಿ ಕೆಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿ. ಕ್ರಷರ್‌ಗಳು ಊರಿನಿಂದ ದೂರ ಇರಲಿ ಅಂತ 2011ರಲ್ಲಿ ರಾಜ್ಯ ಒಂದು ಕಾಯ್ದೆಯನ್ನೇ ಮಾಡಿತು. ಒಳ್ಳೆಯದೇ. ಅದು ಊರವರ ಮೂಗನ್ನು ಕಾಪಾಡುತ್ತದೆ. ಕ್ರಷರ್ ಪಕ್ಕ ನಿಂತವನ ಮೂಗು?

ಇದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಕ್ರಷರ್‌ಗಳಿಗೆ ಪರಿಸರ ನಿಯಮದಲ್ಲಿ ಒಂದು ಮಾನದಂಡ ಇದೆ. ಗಾಳಿಯಲ್ಲಿ ತೇಲುವ ಧೂಳು ಘನ ಮೀಟರ್‌ಗೆ 600 ಮೈಕ್ರೋಗ್ರಾಂ, ಅಂದರೆ 0.6 ಮಿಲಿಗ್ರಾಂ ದಾಟಬಾರದು. ಎಲ್ಲಿ ಅಳೆಯಬೇಕು? ಕ್ರಷರ್‌ನಿಂದ 40 ಮೀಟರ್ ದೂರದಲ್ಲಿ. ಕನ್ವೇಯರ್ ಬೆಲ್ಟಿನ ಪಕ್ಕ ಕಲ್ಲು ಸರಿ ಮಾಡುವವನು, ಕಲ್ಲು ಸುರಿಯುವ ಹಾಪರ್‌ನ ಬಾಯಲ್ಲಿ ನಿಂತವನು 40 ಮೀಟರ್ ದೂರದಲ್ಲಿ ಇರುತ್ತಾನಾ? ಅವನು ಇರುವುದು ಎರಡು ಮೀಟರ್‌ನಲ್ಲಿ. 40 ಮೀಟರ್‌ನ ವರದಿ ಚೆನ್ನಾಗಿದೆ ಅಂತ ಬಂದರೆ ಫೈಲು ಮುಚ್ಚುತ್ತದೆ. ಅವನ ಎದೆಯ ವಿಷಯ ಆ ಫೈಲಿನಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ವಿಚಿತ್ರ. ಫ್ಯಾಕ್ಟರಿ ಕಾಯ್ದೆಯಲ್ಲಿ ಬೆಣಚಿನ ಧೂಳಿಗೆ ಸೂತ್ರ ಬೇರೆ: 10 ಅನ್ನು, ಬೆಣಚಿನ ಶೇಕಡಾವಾರಿಗೆ 2 ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು. ಅದೇ ಶೇ. 30ರ ಕಲ್ಲಿಗೆ ಲೆಕ್ಕ ಹಾಕಿದರೆ ಸಿಲಿಕಾ ಸುಮಾರು 0.09ಕ್ಕೆ ಬರುತ್ತದೆ. ಅದೇ ಕಲ್ಲು, ಅದೇ ಮನುಷ್ಯ. ಬೆಳಿಗ್ಗೆ ಕ್ವಾರಿಯಲ್ಲಿದ್ದರೆ 0.15 ಕುಡಿಯಬಹುದು, ಮಧ್ಯಾಹ್ನ ರಸ್ತೆ ದಾಟಿ ಬೇರೆ ಜಾಗದ ಕ್ರಷರ್‌ಗೆ ಹೋದರೆ 0.09. ಶ್ವಾಸಕೋಶ ಅಂತೂ ಒಂದೇ.

ಕೆಲವರಿಗೆ ಈ ಎರಡೂ ಇಲ್ಲ. 1952ರ ಗಣಿ ಕಾಯ್ದೆಯ 3ನೇ ಕಲಂ ಓದಿ ನೋಡಿ. ಕಟ್ಟಡದ ಕಲ್ಲು, ಜಲ್ಲಿ, ಜಂಬಿಟ್ಟಿಗೆ, ಮರಳು ತೆಗೆಯುವ ಬಯಲು ಗಣಿ 6 ಮೀಟರ್‌ಗಿಂತ ಆಳ ಇಲ್ಲದಿದ್ದರೆ, ದಿನಕ್ಕೆ 50 ಜನಕ್ಕಿಂತ ಜಾಸ್ತಿ ಇಲ್ಲದಿದ್ದರೆ, ಸಿಡಿಮದ್ದು ಬಳಸದಿದ್ದರೆ, ಕಾಯ್ದೆಯ ಬಹುಪಾಲು ಅದಕ್ಕೆ ಅನ್ವಯಿಸುವುದಿಲ್ಲ. ಬಂಡೆ ಕುಸಿಯುವ, ಸಿಡಿಮದ್ದಿನ ಅಪಾಯದ ಕಣ್ಣಿನಿಂದ ನೋಡಿದರೆ ಈ ವಿನಾಯಿತಿ ಅರ್ಥ ಆಗುತ್ತದೆ. ಆದರೆ ಧೂಳಿಗೆ ಆಳದ ಹಂಗಿಲ್ಲ. ಉಳಿ, ಸುತ್ತಿಗೆ ಹಿಡಿದು ಬಯಲಲ್ಲಿ ಚಪ್ಪಡಿ ಸೀಳುವವರು, ಗ್ರೈಂಡರ್ ಹಿಡಿದು ಕಲ್ಲು ಕೊಯ್ಯುವವರು ಇದೇ ಗುಂಪಿನವರು.

ಈಗ ವೈದ್ಯರ ಕಡೆಗೆ ಬರೋಣ. ಗಣಿ ಕಾರ್ಮಿಕರಿಗೆ ಕೆಲಸಕ್ಕೆ ಸೇರುವಾಗ ಒಂದು ತಪಾಸಣೆ, ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ ಅಂತ 1955ರ ನಿಯಮದಲ್ಲಿದೆ. ಒಂದೇ ಗಣಿಯಲ್ಲಿ 30 ವರ್ಷ ದುಡಿಯುವವರಿಗೆ ಮಾಡಿದ ನಿಯಮ ಇದು. ಕ್ವಾರಿಯಲ್ಲಿ 5 ವರ್ಷ ಒಂದೇ ಕಡೆ ಇರುವವರು ಎಷ್ಟು ಜನ? ತಮಿಳುನಾಡಿನಿಂದ, ಒಡಿಶಾದಿಂದ, ಬಿಹಾರದಿಂದ ಬಂದವರು ಕಂಟ್ರಾಕ್ಟರ್ ಕರೆದ ಕಡೆ ಹೋಗುತ್ತಾರೆ. ಎಕ್ಸ್‌ರೇ ತೆಗೆದಿದ್ದರೂ ಅದು ಹಳೇ ಕ್ವಾರಿಯ ಬೀರುವಿನಲ್ಲೇ ಉಳಿಯುತ್ತದೆ. ಕೆಮ್ಮು ಜೋರಾದಾಗ ಹೋಗುವುದು ಹತ್ತಿರದ ಆಸ್ಪತ್ರೆಗೆ. ಅಲ್ಲಿ "ಏನು ಕೆಲಸ ಮಾಡ್ತೀಯಪ್ಪಾ, ಎಷ್ಟು ವರ್ಷದಿಂದ?" ಅಂತ ಕೇಳದಿದ್ದರೆ ಎಕ್ಸ್‌ರೇಯಲ್ಲಿ ಕಾಣುವ ಚುಕ್ಕೆಗಳು ಟಿಬಿಯಂತೆಯೇ ಕಾಣುತ್ತವೆ. ಟಿಬಿ ಮಾತ್ರೆ ಶುರುವಾಗುತ್ತದೆ. ಗುಣ ಆಗುವುದಿಲ್ಲ. ಸಿಲಿಕೋಸಿಸ್ ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಕಾನೂನು ಇದೆ. ಆದರೆ ಗುರುತಿಸಿದರೆ ತಾನೇ ತಿಳಿಸುವುದು?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗಣಿ ಕಾಯ್ದೆ, ಕಾರ್ಖಾನೆ ಕಾಯ್ದೆ ಎರಡೂ ಈಗ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿವೆ. ಹೊಸ ನಿಯಮಗಳು ಪೂರ್ತಿ ಬರುವ ತನಕ ಹಳೆಯವೇ ನಡೆಯುತ್ತವೆ. ಹಾಗಾಗಿ ಇದು ಸರಿಪಡಿಸಲು ಒಳ್ಳೆಯ ಸಮಯ. ಕ್ವಾರಿಗೂ ಕ್ರಷರ್‌ಗೂ ಸಿಲಿಕಾಕ್ಕೆ ಒಂದೇ ಸಂಖ್ಯೆ ಬರೆಯಬಹುದು. ಸೂತ್ರ ಬಿಟ್ಟು ನೇರವಾಗಿ ಸಿಲಿಕಾದ ಮಿತಿಯನ್ನೇ ಹೇಳಬಹುದು. ಭಾಗಾಕಾರ ಮಾಡದೆ ಯಾರಿಗಾದರೂ ಅರ್ಥ ಆಗುತ್ತದೆ.

ಸಂಹಿತೆಯಲ್ಲಿ ನನಗೆ ಆತಂಕ ಹುಟ್ಟಿಸುವ ಮೂರು ವಿಷಯ ಇವೆ. ಕರೆಂಟ್ ಬಳಸುವ ಜಾಗ ಫ್ಯಾಕ್ಟರಿ ಅನ್ನಿಸಿಕೊಳ್ಳಲು ಮುಂಚೆ 10 ಜನ ಸಾಕಿತ್ತು, ಈಗ 20 ಬೇಕು. ಸಣ್ಣ ಕ್ರಷರ್‌ನಲ್ಲಿ ಇಷ್ಟು ಜನ ಇರುವುದೇ ಅಪರೂಪ. ಎರಡನೆಯದು, ವಾರಕ್ಕೆ 48 ಗಂಟೆ ದಾಟದಂತೆ ದಿನಕ್ಕೆ 12 ಗಂಟೆ ತನಕ ಕೆಲಸದ ಮಾತು ಬಂದಿದೆ. ಧೂಳಿನ ಮಿತಿ ಇರುವುದು 8 ಗಂಟೆಯ ಲೆಕ್ಕದಲ್ಲಿ. ಅದೇ ಗಾಳಿಯಲ್ಲಿ 12 ಗಂಟೆ ನಿಂತರೆ ಆ ದಿನದ ಧೂಳು ಒಂದೂವರೆ ಪಟ್ಟು. ಪಾಳಿ ಉದ್ದ ಆದರೆ ಮಿತಿ ಇಳಿಯಬೇಕು, ಇದನ್ನು ನಿಯಮದಲ್ಲೇ ಬರೆಯಬೇಕು. ಮೂರನೆಯದು ವರ್ಷಕ್ಕೊಮ್ಮೆ ಉಚಿತ ತಪಾಸಣೆ. ಸರ್ಕಾರ ಇದನ್ನು ದೊಡ್ಡದಾಗಿ ಹೇಳಿದ್ದು 40 ದಾಟಿದವರ ವಿಷಯದಲ್ಲಿ. ಗಣಿ ಕಾರ್ಮಿಕರಿಗೂ ವಾರ್ಷಿಕ ತಪಾಸಣೆ ಅಂದಿದೆ. ಅಲ್ಲಿ ವಯಸ್ಸಿನ ಗೆರೆ ನುಸುಳದಂತೆ ನೋಡಿಕೊಳ್ಳಬೇಕು. ಹದಿನೆಂಟಕ್ಕೆ ಜಾಕ್‌ಹ್ಯಾಮರ್ ಹಿಡಿದವನಿಗೆ 40ಕ್ಕೆ ಮೊದಲ ಎಕ್ಸ್‌ರೇ ಅಂದರೆ ಅದು ತಪಾಸಣೆ ಅಲ್ಲ.

ಕ್ವಾರಿ ಮಾಲೀಕರ ಮಾತನ್ನೂ ಕೇಳಬೇಕು. ಅವರು ಹೇಳುವುದು ಎರಡು: ಖರ್ಚು, ನೀರು. ಖರ್ಚಿನದು ಅಷ್ಟು ಗಟ್ಟಿ ಅಲ್ಲ. ಕಂಪ್ರೆಸರ್, ಟಿಪ್ಪರ್, ಹಿಟಾಚಿ ಕೊಳ್ಳುವವರಿಗೆ ಡ್ರಿಲ್ಲಿಗೆ ನೀರಿನ ಪೈಪು ಜೋಡಿಸುವುದು ದೊಡ್ಡ ಬಂಡವಾಳ ಏನಲ್ಲ. ನೀರಿನ ಮಾತು ನಿಜ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಬರುವುದು ಖಾತ್ರಿ ಇಲ್ಲ. ಆದರೂ ಡ್ರಿಲ್ಲಿನ ತುದಿಗೆ ಬೇಕಾಗುವುದು ಸಣ್ಣ ಧಾರೆ. ಧೂಳು ಹುಟ್ಟುವ ಜಾಗದಲ್ಲೇ ನೀರು ಬಿದ್ದರೆ ಅದು ಕೆಸರಾಗಿ ಕೆಳಗೆ ಬೀಳುತ್ತದೆ, ಗಾಳಿಗೆ ಏಳುವುದೇ ಇಲ್ಲ. ನೀರು ಇಲ್ಲವೇ ಇಲ್ಲ ಅನ್ನುವ ಕಡೆ ಕುಳಿಯ ಬಾಯಿಗೆ ಮುಚ್ಚಳ ಕೂರಿಸಿ ಧೂಳನ್ನು ಹೀರುವ ಯಂತ್ರ ಇದೆ. ಕ್ರಷರ್‌ನಲ್ಲಿ ಬೆಲ್ಟಿಗೆ, ಜರಡಿಗೆ ಶೀಟಿನ ಹೊದಿಕೆ ಹಾಕಿದರೆ ಅರ್ಧ ಕೆಲಸ ಆದಂತೆ. ಬ್ಲಾಕ್ ತೆಗೆಯುವ ದೊಡ್ಡ ಗ್ರಾನೈಟ್ ಕ್ವಾರಿಗಳಲ್ಲಿ ವಜ್ರದ ತಂತಿಯಿಂದ ಕೊಯ್ಯುವಾಗ ನೀರು ಬಿಟ್ಟೇ ಬಿಡುತ್ತಾರೆ. ತಂತಿ ಬಿಸಿಯಾಗಿ ಹಾಳಾಗಬಾರದು ಅಂತ. ತಂತಿಗೆ ಸಿಗುವ ನೀರು ಜಲ್ಲಿ ಕ್ವಾರಿಯ ಮನುಷ್ಯನಿಗೂ ಸಿಗಬೇಕಲ್ವಾ?

ಮಾಸ್ಕ್ ಕೊಟ್ಟರೆ ಸಾಕು ಅನ್ನುವವರಿದ್ದಾರೆ. ಏಪ್ರಿಲ್ ಬಿಸಿಲಲ್ಲಿ, ಬಂಡೆಯ ಕಾವಿನಲ್ಲಿ, ಮೈ ನಡುಗಿಸುವ ಡ್ರಿಲ್ ಹಿಡಿದು ಎಂಟು ಗಂಟೆ ಬಿಗಿಯಾದ ಮಾಸ್ಕ್ ಹಾಕಿಕೊಂಡು ಯಾರೂ ದುಡಿಯಲಾರರು. ಗಡ್ಡ ಇದ್ದರೆ ಅಂಚಿನಿಂದ ಧೂಳು ನುಗ್ಗುತ್ತದೆ. ಮಾಸ್ಕ್ ಇರಲಿ, ಆದರೆ ಅದು ಕೊನೆಯ ಉಪಾಯ.

ಆಗಲೇ ಕಾಯಿಲೆ ಬಂದವರಿಗೆ ರಾಜಸ್ಥಾನ ಒಂದು ದಾರಿ ಮಾಡಿದೆ. 2019ರಲ್ಲಿ ಅಲ್ಲಿ ಸಿಲಿಕೋಸಿಸ್‌ಗೆ ಒಂದು ನೀತಿ ಬಂತು. ಕಾಯಿಲೆ ಖಚಿತವಾದರೆ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ 2 ಲಕ್ಷ, ಜೊತೆಗೆ ಪಿಂಚಣಿ. ಹಣದಲ್ಲಿ ದೊಡ್ಡ ಪಾಲು ಜಿಲ್ಲಾ ಖನಿಜ ನಿಧಿಯಿಂದ, ಅಂದರೆ ಗಣಿಯವರು ಜಿಲ್ಲೆಗೆ ಕಟ್ಟುವ ಹಣದಿಂದ. ಅದರ ದೊಡ್ಡ ಗುಣ ಅಂದರೆ, ಯಾವ ಮಾಲೀಕನ ಹತ್ತಿರ ದುಡಿದೆ ಅಂತ ಕಾಗದ ತೋರಿಸಿ ಹೋರಾಡುತ್ತಾ ಕೂರಬೇಕಿಲ್ಲ. ಪರಿಹಾರದ ಕಾನೂನು ದೇಶದಲ್ಲಿ ಮುಂಚಿನಿಂದ ಇದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಅದು ಸಿಗುತ್ತಿರಲಿಲ್ಲ. ಜಿಲ್ಲಾ ಖನಿಜ ನಿಧಿ ನಮ್ಮಲ್ಲೂ ಇದೆ. ಬಳ್ಳಾರಿಯಂಥ ಜಿಲ್ಲೆಯಲ್ಲಿ ದೊಡ್ಡ ಮೊತ್ತವೇ ಇದೆ. ಕಲ್ಲು ಒಡೆದವರ ಹೆಸರಿನಲ್ಲಿ ಅದರ ಒಂದು ಪಾಲು ಎತ್ತಿಡಲು ಹೊಸ ಕಾಯ್ದೆ ಬೇಕಾಗಿಲ್ಲ.

ಪತ್ತೆ ಮಾಡುವ ಜಾಣ್ಮೆಯೂ ದೂರ ಇಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣದ ಕೇಂದ್ರ ಇರುವುದು ದೇವನಹಳ್ಳಿ ಹತ್ತಿರದ ಕನ್ನಮಂಗಲದಲ್ಲಿ. ಚಿಕ್ಕಬಳ್ಳಾಪುರದ ಕ್ರಷರ್‌ಗಳಿಗೆ ಅದು ಪಕ್ಕದ ಮನೆ ಇದ್ದಂತೆ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಕಡಿಮೆಯಾಗುವ ಸಿಸಿ16 ಎಂಬ ಪ್ರೋಟೀನನ್ನು ನೋಡಿ, ಕಾಯಿಲೆಯನ್ನು ಬೇಗ ಅಂದಾಜು ಮಾಡುವ ಪರೀಕ್ಷೆಯನ್ನು ಅದೇ ಸಂಸ್ಥೆ ರೂಪಿಸಿದೆ. ಎಕ್ಸ್‌ರೇಯಲ್ಲಿ ಗಂಟು ಕಾಣುವ ಮುಂಚೆಯೇ ಕೆಲಸ ಬದಲಾಯಿಸಿದರೆ ಒಂದು ಜೀವ ಉಳಿಯಬಹುದು.

ಕ್ವಾರಿಯಿಂದ ಹೊರಡುವ ಪ್ರತಿ ಟಿಪ್ಪರ್‌ಗೆ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲಿ ಅರ್ಜಿ, ಟನ್ನಿನ ಲೆಕ್ಕ, ರಾಜಧನ, ಗಾಡಿಗೆ ಜಿಪಿಎಸ್. ಒಂದು ಲೋಡು ಜಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಸರ್ಕಾರಕ್ಕೆ ಗೊತ್ತಾಗುತ್ತದೆ. ಅದೇ ಪರದೆಯ ಮೇಲೆ ಇನ್ನೆರಡು ಖಾನೆ ಸೇರಿಸಲಿ. ಒಂದರಲ್ಲಿ, ಕಾರ್ಮಿಕನ ಕಾಲರ್ ಹತ್ತಿರ ಅಳೆದ ಸಿಲಿಕಾ ಎಷ್ಟು, ಯಾವ ದಿನ, ಯಾವ ಲ್ಯಾಬು. ಇನ್ನೊಂದರಲ್ಲಿ, ಕೆಲಸಕ್ಕಿರುವವರ ಎಕ್ಸ್‌ರೇ ಆಯಿತೇ ಇಲ್ಲವೇ. ಎಕ್ಸ್‌ರೇಯ ಒಂದು ನಕಲು ಕಾರ್ಮಿಕನ ಕೈಗೂ ಹೋಗಬೇಕು, ಮೊಬೈಲಿನಲ್ಲಾದರೂ ಸರಿ, ಅವನು ಎಲ್ಲಿ ಹೋದರೂ ಅದು ಜೊತೆಗಿರಬೇಕು. ಈ ಎರಡು ಖಾನೆ ಖಾಲಿ ಇದ್ದರೆ ಮುಂದಿನ ಲೋಡಿಗೆ ಪರ್ಮಿಟ್ ಬರಬಾರದು.